ಟಿಕೆಟಿಲ್ಲದ ಹನ್ನೊಂದು ಮಂದಿ

ಇಷ್ಟಕ್ಕೆಲ್ಲ ಕಾರಣ ಒಂದು ಕಿವಿ. ಅದೂ ಇನ್ನೂ ಹುಟ್ಟದ ಮಗುವಿನದ್ದು.

ಶಾರ್ಜಾದಲ್ಲಿರುವ ಮಗಳು ಭವ್ಯಶ್ರೀಗೆ ಏಳು ತಿಂಗಳು. "ಅಪ್ಪ, ನನಗೆ ಗದ್ದೆಯ ಡೆಂಜಿಯ ಗಸಿ ತಿನ್ಬೇಕು ಅಂತ ಆಗ್ತಾ ಉಂಟು. ಇಲ್ಲಿಯ ಏಡಿಯಲ್ಲಿ ಬರೀ ಐಸಿನ ರುಚಿ" ಎಂದು ಗದ್ದೆಯ ಏಡಿಯ ಆ ಗಟ್ಟಿ ಸಾರಿಗಾಗಿ ಫೋನಿನಲ್ಲಿ ಅತ್ತುಬಿಟ್ಟಳು. ಬಸುರಿಯ ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂಬುದು ತಾಯಿ ಪದ್ಮಾಕ್ಷಿಯ ನಂಬಿಕೆ. ತಂದೆ ಶೇಷಪ್ಪನವರಿಗೆ ಆ ನಂಬಿಕೆ ಇರಲಿಲ್ಲ. ಆದರೆ ಮೊಮ್ಮಗುವಿನ ಕಿವಿಯನ್ನು ಪಣಕ್ಕಿಟ್ಟು ವಾದ ಮಾಡುವ ಧೈರ್ಯವೂ ಇರಲಿಲ್ಲ. "ತರ್ತೇನೆ ಮಗಾ" ಎಂದುಬಿಟ್ಟರು.

ಹೊರಡುವ ದಿನ ಬೆಳ್ಳಂಬೆಳಿಗ್ಗೆ ಪ್ಯಾಂಟು ಮಡಚಿಕೊಂಡು ಬೆಳುವಾಯಿಯ ಗದ್ದೆಗಿಳಿದರು. ಬದುವಿನ ಬಿಲಕ್ಕೆ ಕೈ ಹಾಕಿದಾಗ ಅರುವತ್ತೆರಡರ ಮನುಷ್ಯ ಹತ್ತು ವರ್ಷದ ಹುಡುಗನಾದ. ಕಚ್ಚಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕರು. ಹನ್ನೊಂದು ಸಿಕ್ಕಿದವು.

"ಕೊಂದು ಸ್ವಚ್ಛ ಮಾಡಿ ಕೊಡು" ಎಂದರು ಹೆಂಡತಿಗೆ.

"ಸತ್ತ ಡೆಂಜಿ ಕೊಟ್ಟರೆ ಅದು ಬಯಕೆಯ ಊಟ ಅಲ್ಲ, ಸತ್ತವರ ಬೊಜ್ಜದ ಊಟ. ಜೀವ ಇರುವುದನ್ನೇ ತೆಕ್ಕೊಂಡು ಹೋಗಿ" ಎಂದರು ಪದ್ಮಾಕ್ಷಿ. ಏಡಿಗಳನ್ನು ಫ್ರಿಜ್ಜಿನಲ್ಲಿಟ್ಟರು. ತಂಪಿಗೆ ಅವು ನಿದ್ದೆ ಹೋದವು. ಆಮೇಲೆ ಒಂದೊಂದನ್ನೂ ಕೆಸುವಿನ ಎಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಕೈಚೀಲದಲ್ಲಿ ಸಾಲಾಗಿ ಮಲಗಿಸಿದರು. ನೋಡಿದರೆ ಎಲೆಗೆ ಹಿಟ್ಟು ಸವರಿ ಸುತ್ತಿದ ಅಪ್ಪಟ ಪತ್ರೊಡೆ.

ಏರ್‌ಪೋರ್ಟಿನ ಸ್ಕ್ಯಾನರಿನ ಮುಂದೆ ಕುಳಿತ ಹುಡುಗಿ ಚೀಲ ನಿಲ್ಲಿಸಿದಳು. "ಅಂಕಲ್, ಇದ್ರಲ್ಲಿ ಎಂತ ಉಂಟು?"

"ಪತ್ರೊಡೆ."

"ಕಾಲು ಇದ್ದ ಹಾಗೆ ಕಾಣ್ತದಲ್ಲ."

"ಎಲೆಯ ದಂಟು ಮಗಾ."

ಹುಡುಗಿ ಚೀಲ ತೆರೆದಳು. ಕೆಸುವಿನ ಎಲೆಯ ಹಸಿ ವಾಸನೆ ಮೂಗಿಗೆ ಬಡಿದದ್ದೇ ಅವಳ ಮುಖ ಮೆತ್ತಗಾಯಿತು. "ನಮ್ಮ ಅಜ್ಜಿ ಹೀಗೇ ಸುತ್ತುತ್ತಿದ್ರು. ಅವ್ರು ಹೋದ ಮೇಲೆ ನಮ್ಮಲ್ಲಿ ಪತ್ರೊಡೆಯೇ ಇಲ್ಲ" ಎಂದು ಝಿಪ್ ಎಳೆದು, "ಹೋಗಿ ಅಂಕಲ್" ಎಂದಳು. ಪರಲೋಕದಲ್ಲಿರುವ ಯಾರದೋ ಅಜ್ಜಿಗೆ ಮೋಸ ಮಾಡಿದ ಹಾಗಾಗಿ ಶೇಷಪ್ಪನವರಿಗೆ ಬೆವರು ಬಂತು.

ಅವರು ಮೂವತ್ತೊಂದು ವರ್ಷ ಮೂಡುಬಿದಿರೆ–ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ವಿಮಾನದ ನಡುದಾರಿಯಲ್ಲಿ ಜನ ತುಂಬಿ ನಿಂತದ್ದು ಕಂಡಾಗ ಬಾಯಿ ತನ್ನಷ್ಟಕ್ಕೇ ತೆರೆದುಕೊಂಡಿತು. "ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಖಾಲಿ ಉಂಟು."

ಜನ ಹೋದರೂ ಹೋದರು. ಹಿಂದಿನ ಸೀಟಿನಿಂದ ಒಬ್ಬ ದಢೂತಿ ಮನುಷ್ಯ ಎದ್ದು ನಿಂತ. "ಶೇಷಪ್ಪ ಕಂಡಕ್ಟ್ರಲ್ವಾ? ಸ್ವರ ಕೇಳಿಯೇ ಗೊತ್ತಾಯ್ತು. ನಾನು ವೇಣೂರಿನ ರುಕ್ಮಯ್ಯ. ನಿಮ್ಮ ಬಸ್ಸಿನ ಏಣಿಯಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋದವ."

"ಹೌದಾ? ಈಗ ಗಲ್ಫಿನಲ್ಲಾ?"

"ಇಪ್ಪತ್ತು ವರ್ಷ ಆಯ್ತು. ನಮ್ಮ ಅಜ್ಜಿ ಹುಂಜ ತಂದದ್ದಕ್ಕೆ ನೀವು ಅವ್ರನ್ನು ನಡುದಾರಿಯಲ್ಲಿ ಇಳಿಸಿದ್ದು ನೆನಪುಂಟಾ? ಪ್ರಾಣಿ ಹತ್ತಿಸ್ಲಿಕ್ಕೆ ಇಲ್ಲ, ರೂಲ್ಸ್ ಅಂದ್ರೆ ರೂಲ್ಸ್ ಅಂತ."

ಶೇಷಪ್ಪನವರು ಕೈಚೀಲವನ್ನು ಕಾಲಿನಿಂದ ಸೀಟಿನಡಿಗೆ ಇನ್ನಷ್ಟು ತಳ್ಳಿದರು.

ಪಕ್ಕದಲ್ಲಿ ವಿಟ್ಲದ ಅಡಿಕೆ ವ್ಯಾಪಾರಿ ಅಬ್ದುಲ್ ಹಕೀಂ. ಚೀಲದಲ್ಲಿ ಪತ್ರೊಡೆ ಎಂದು ಅವರಿಗೂ ಹೇಳಿಯಾಗಿತ್ತು. ವಿಮಾನ ಏರಿ ಒಂದು ಗಂಟೆಯಾಗಿರಬಹುದು. ಹಳೆಯ ಬಸ್ಸು, ಹಳೆಯ ಮಳೆ, ಸೇತುವೆ ಮುಳುಗಿ ರಾತ್ರಿಯಿಡೀ ಬಸ್ಸಿನಲ್ಲೇ ಮಲಗಿದ್ದು, ಹೀಗೆ ಮಾತು ಹದವಾಗಿ ಸಾಗಿತ್ತು. ಹಕೀಂ ಇದ್ದಕ್ಕಿದ್ದಂತೆ ಕಾಲು ಮೇಲೆತ್ತಿಕೊಂಡರು.

"ಶೇಷಪ್ಪಣ್ಣ, ನಿಮ್ಮ ಪತ್ರೊಡೆ ನಡೀತಾ ಉಂಟು."

ಬಗ್ಗಿ ನೋಡಿದರೆ ಚೀಲದ ಝಿಪ್ ಅರ್ಧ ಬಾಯಿ ಬಿಟ್ಟಿತ್ತು, ಒಳಗೆ ಬಿಚ್ಚಿಟ್ಟ ಸೀರೆಯ ಹಾಗೆ ಬರೀ ಎಲೆ. ಬೆಚ್ಚಗಾದದ್ದೇ ಹನ್ನೊಂದು ಮಂದಿಗೂ ಎಚ್ಚರವಾಗಿತ್ತು. ಅಷ್ಟರಲ್ಲಿ ಮೂರು ಸಾಲು ಮುಂದೆ ಒಬ್ಬರ ಪಲಾವಿನ ತಟ್ಟೆಯ ಅಂಚಿಗೆ ಎರಡು ಕೊಂಬು ಮೂಡಿದವು. ಗಗನಸಖಿ ಕಿರುಚಿ ಸೀಟು ಹತ್ತಿ ನಿಂತಳು.

"ಎಂತ ಅದು? ಚೇಳಾ?" ಎಂದರು ಯಾರೋ.

"ಚೇಳಲ್ಲ ಮಾರಾಯ್ರೆ, ಡೆಂಜಿ. ನಮ್ಮ ಗದ್ದೆಯ ಡೆಂಜಿ" ಎಂದುಬಿಟ್ಟರು ಶೇಷಪ್ಪನವರು.

ಆ ಒಂದು ಶಬ್ದಕ್ಕೆ ಅರ್ಧ ವಿಮಾನ ಬೆಲ್ಟು ಬಿಚ್ಚಿ ನೆಲಕ್ಕಿಳಿಯಿತು. ಕುಳಿತುಕೊಳ್ಳಿ ಎಂದು ಪೈಲಟ್ ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುವವರು ಯಾರು? ಕೋಟು ಹಾಕಿದ ಬ್ಯಾಂಕ್ ಮ್ಯಾನೇಜರ್ ಅಂಬೆಗಾಲಿಡುತ್ತಿದ್ದರು. ನರ್ಸ್ ಒಬ್ಬರು ದುಪಟ್ಟಾ ಸೊಂಟಕ್ಕೆ ಕಟ್ಟಿ, "ಹಿಂದಿನಿಂದ ಹಿಡೀಬೇಕು, ಹಿಂದಿನಿಂದ" ಎಂದು ಪಾಠ ಮಾಡುತ್ತಿದ್ದರು. ಒಬ್ಬ, "ನಾವು ಶಾಲೆಗೆ ಚಕ್ಕರ್ ಹಾಕಿ ಇದನ್ನು ಹಿಡಿದು ತೋಡಿನ ಬದಿಯಲ್ಲೇ ಸುಟ್ಟು ತಿಂತಿದ್ದೆವು" ಎಂದ. ಅವನ ಸ್ವರ ಒದ್ದೆಯಾಗಿತ್ತು. ಮೂವತ್ತೈದು ಸಾವಿರ ಅಡಿ ಎತ್ತರಕ್ಕೆ ಆಷಾಢದ ಗದ್ದೆಯೇ ಏರಿ ಬಂದಂತಿತ್ತು. ಶೇಷಪ್ಪನವರಿಗೂ ಕ್ಷಣಹೊತ್ತು ತಾವು ಅಪರಾಧಿ ಎಂಬುದೇ ಮರೆತುಹೋಯಿತು.

ಸಿಬ್ಬಂದಿಯ ಮುಖ್ಯಸ್ಥ ಬಂದು ನೆನಪು ಮಾಡಿದ. "ಎಷ್ಟಿದ್ದವು?"

ಇಂಥ ಪ್ರಶ್ನೆಗೆ ಕಂಡಕ್ಟರ್ ತಪ್ಪು ಲೆಕ್ಕ ಹೇಳಿದವನಲ್ಲ. "ಹನ್ನೊಂದು" ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ಹನ್ನೊಂದೂ ಸಿಗುವವರೆಗೆ ನೀವು ಇಳಿಯುವ ಹಾಗಿಲ್ಲ."

ಹಕೀಂ ವಾಂತಿಗೆಂದು ಇಟ್ಟಿದ್ದ ಕಾಗದದ ಚೀಲದಲ್ಲಿ ನಾಲ್ಕನ್ನು ಹಿಡಿದು ತಂದೊಪ್ಪಿಸಿದರು. "ನಮ್ಮಲ್ಲಿ ಇದು ತಿನ್ಲಿಕ್ಕೆ ಇಲ್ಲ. ನನಗ್ಯಾಕೆ?" ಎಂದರು. ಆ ಮಾತಿನ ಅರ್ಥ ಶೇಷಪ್ಪನವರಿಗೆ ಆಗ ಹೊಳೆಯಲಿಲ್ಲ. ಉಳಿದವರೆಲ್ಲ ಕೈ ಬೀಸಿ, "ಇಲ್ಲಿ ಇಲ್ಲ, ಇಲ್ಲಿ ಇಲ್ಲ" ಎಂದರು. ರುಕ್ಮಯ್ಯನಂತೂ ಮೊಬೈಲ್ ಟಾರ್ಚ್ ಹಿಡಿದು ಆರು ಸಾಲು ತೆವಳಿ ಬಂದ. "ಒಂದೂ ಕಾಣ್ಲಿಕ್ಕಿಲ್ಲ ಕಂಡಕ್ಟ್ರೇ. ಪಾಪ ನೀವು" ಎಂದು ಮೊಣಕಾಲಿನ ಧೂಳು ಕೊಡವಿದ.

ವಿಮಾನ ಇಳಿಯಿತು. ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿದ್ದ ಶೇಷಪ್ಪನವರ ಮುಂದಿನಿಂದ ಒಬ್ಬೊಬ್ಬರೇ ಸಾಂತ್ವನ ಹೇಳಿ ಹೋದರು. ನರ್ಸ್ ತನ್ನ ಪರ್ಸನ್ನು ಮೈಯಿಂದ ಒಂದು ಮೊಳ ದೂರ ಹಿಡಿದಿದ್ದರು. ಮ್ಯಾನೇಜರರ ಟಿಫಿನ್ ಡಬ್ಬಿಯೊಳಗೆ ಯಾರೋ ಉಗುರಿನಿಂದ ಕೆರೆಯುತ್ತಿದ್ದರು. ರುಕ್ಮಯ್ಯನ ಕೋಟಿನ ಎರಡೂ ಜೇಬು ಉಸಿರಾಡುತ್ತಿದ್ದವು.

ಟಿಕೆಟಿಲ್ಲದವನ ಮುಖ ಹೇಗಿರುತ್ತದೆ ಎಂದು ಮೂವತ್ತೊಂದು ವರ್ಷ ಓದಿದವರಿಗೆ ಮತ್ತೆ ಹೇಳಬೇಕೇ? ಆದರೆ ಬಾಯಿ ಬಿಟ್ಟರೆ ಊರಿನವರ ಕೆಲಸ ಹೋದೀತು, ವೀಸಾ ಹೋದೀತು. ಶೇಷಪ್ಪನವರು ಕಣ್ಣು ಮುಚ್ಚಿ ಕುಳಿತರು. ಆಗಲೇ ಮನೆ ಸೇರಿದ್ದ ಏಳು ಏಡಿಗಳನ್ನು ಖಾಲಿ ವಿಮಾನದಲ್ಲಿ ಮೂರು ತಾಸು ಹುಡುಕಲಾಯಿತು. ಕೊನೆಗೆ ನಾಲ್ಕನ್ನು ವಶಪಡಿಸಿಕೊಂಡು, ಇನ್ನು ಮುಂದೆ ಉಸಿರಾಡುವ ಯಾವುದನ್ನೂ ತರುವುದಿಲ್ಲ ಎಂದು ಬರೆಸಿಕೊಂಡು ಹೊರಗೆ ಬಿಟ್ಟರು.

ಕಾದು ಸುಸ್ತಾಗಿದ್ದ ಅಳಿಯ ಧನರಾಜ್ ಕಾರಿನಲ್ಲಿ ಎಲ್ಲ ಕೇಳಿ ನಿಟ್ಟುಸಿರಿಟ್ಟ. "ಮಾವ, ಭವ್ಯನಿಗೆ ಇದನ್ನು ಹೇಳ್ಬೇಡಿ. ಮೊದಲೇ ಬಿಪಿ ಜಾಸ್ತಿ ಉಂಟು. ಮರೆತುಹೋಯ್ತು ಅಂತ ಹೇಳಿ."

ಒಪ್ಪಿಕೊಂಡರು. ಆದರೆ ಬರಿಗೈಯಲ್ಲಿ ಮಗಳ ಮುಖ ನೋಡುವುದು ಹೇಗೆ ಎಂದು ದಾರಿಯಿಡೀ ಚಿಂತಿಸಿದರು.

ಬಾಗಿಲು ತೆರೆದದ್ದೇ ಹುರಿದ ತೆಂಗಿನಕಾಯಿಯ, ಕೊತ್ತಂಬರಿಯ ಘಮ. ಭವ್ಯಶ್ರೀ ಕಾಲು ಚಾಚಿ ಕುಳಿತು ಬೆರಳು ಚೀಪುತ್ತಿದ್ದಳು. ಮುಂದಿನ ತಟ್ಟೆಯಲ್ಲಿ ಚಿಪ್ಪಿನ ರಾಶಿ.

"ಅಪ್ಪ, ಎಷ್ಟು ಹೊತ್ತು ನೀವು? ಮೇಲಿನ ಫ್ಲಾಟಿನವ್ರು ಇವತ್ತೇ ಊರಿಂದ ಬಂದದ್ದು. ನಾನು ಬಸುರಿ ಅಂತ ಗದ್ದೆಯ ಡೆಂಜಿ ತಂದು, ಬಿಸಿಬಿಸಿ ಗಸಿ ಮಾಡಿ ಕೊಟ್ರು. ಒಂದು ಕಾಲು ಸಹ ಬಿಡಲಿಲ್ಲ ನಾನು." ಆಮೇಲೆ ಸ್ವರ ತಗ್ಗಿಸಿದಳು. "ನೀವೂ ತರ್ತೇನೆ ಅಂದಿದ್ರಿ."

"ಮರೆತುಹೋಯ್ತು ಮಗಾ" ಎಂದರು ಶೇಷಪ್ಪನವರು.

"ಪರವಾಗಿಲ್ಲ. ನಮ್ಮವ್ರು ಅಲ್ಲದಿದ್ರೂ ಅವ್ರು ನೆನಪಿಟ್ಟು ತಂದ್ರಲ್ಲ, ಅದು ದೊಡ್ಡದು. ಮೇಲೆ ಹೋಗಿ ಒಂದು ಥ್ಯಾಂಕ್ಸ್ ಹೇಳಿ ಬನ್ನಿ. ಖಾಲಿ ಕೈಯಲ್ಲಿ ಬೇಡ, ಅಮ್ಮ ಕಳಿಸಿದ ಹಪ್ಪಳದ ಕಟ್ಟು ಕೊಟ್ಟು ಬನ್ನಿ."

ಮೇಲಿನ ಬಾಗಿಲು ತೆರೆದದ್ದು ಲುಂಗಿ ಉಟ್ಟ ರುಕ್ಮಯ್ಯ. ಬೆರಳುಗಳೆಲ್ಲ ಅರಸಿನ. ಶೇಷಪ್ಪನವರನ್ನು ಕಂಡದ್ದೇ ಕೈಯನ್ನು ಲುಂಗಿಗೆ ಒರೆಸಿಕೊಂಡ.

"ಥ್ಯಾಂಕ್ಸ್. ಮಗಳು ಹೇಳ್ಲಿಕ್ಕೆ ಹೇಳಿದ್ದಾಳೆ" ಎಂದು ಶೇಷಪ್ಪನವರು ಕಟ್ಟು ಮುಂದೆ ಚಾಚಿದರು.

ರುಕ್ಮಯ್ಯ ತೆಗೆದುಕೊಂಡು ಮೂಗಿಗೆ ಹಿಡಿದ. ಅವನ ಕಣ್ಣು ತುಂಬಿ ಬಂತು.

"ಹಲಸಿನದ್ದು. ಗಸಿಗೆ ಇದೊಂದೇ ಕಮ್ಮಿ ಇದ್ದದ್ದು ಕಂಡಕ್ಟ್ರೇ."