ವಾಯುಭಾರ ಕುಸಿತವೂ ನನ್ನ ಭಾವನೂ

ಸಮುದ್ರವನ್ನೇ ಕಾಣದ ನಮ್ಮ ಫೋನುಗಳಿಗೆ 'ಮೀನುಗಾರರು ಸಮುದ್ರಕ್ಕೆ ಇಳಿಯಬಾರದು' ಎಂದು ಎಚ್ಚರಿಕೆ ಕಳಿಸಿದರು. ಕಿತ್ತು ಹೊಲದಲ್ಲಿ ಒಣಗಲು ಬಿಟ್ಟ ಶೇಂಗಾವನ್ನು ಏನು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ. ಇದು ತಪ್ಪು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ನಮ್ಮ ಕೊಂಡ್ಲಹಳ್ಳಿ ಕಡೆ ಇಂಥದ್ದೊಂದು ನಡೆಯುತ್ತದೆ.

೧

ಒಂದು ವರ್ಷ ಹೆದರಿ, ಹಸಿ ಬಳ್ಳಿಯನ್ನೇ ಬಣವೆ ಒಟ್ಟಿದೆವು. ಚಂಡಮಾರುತ ಒಡಿಶಾ ಕಡೆ ತಿರುಗಿತು. ಇಲ್ಲಿ ವಾರವಿಡೀ ಬಿಸಿಲು. ಬಣವೆಯೊಳಗೆ ಕಾಯಿ ಬೂಷ್ಟು ಹಿಡಿಯಿತು.

ಚಳ್ಳಕೆರೆಯ ದಲ್ಲಾಳಿ ಚೀಲಕ್ಕೆ ಕೈ ಹಾಕಿ ಮೂಸಿದ. "ಮಳೆಗೆ ಸಿಕ್ತೇನ್ರಿ?"

"ಇಲ್ಲ. ಬರ್ತೈತೆ ಅಂತ ಒಟ್ಟಿದ್ವಿ."

"ಬಂದಿದ್ರೆ ಹೇಳ್ಕೊಳ್ಳೋಕಾದ್ರೂ ಒಂದು ಕಾರಣ ಇರ್ತಿತ್ತು."

೨

ಈ ಸಲ ಕಿತ್ತ ಮೂರನೇ ದಿನಕ್ಕೇ ಮತ್ತೆ ಸುದ್ದಿ. ಬೇಗ ಒಟ್ಟಿದರೆ ಬೂಷ್ಟು, ತಡವಾದರೆ ನೀರು. ಹೋಬಳಿಯ ಕೃಷಿ ಕಚೇರಿಗೆ ನುಗ್ಗಿ ಅಧಿಕಾರಿಯ ಮೇಜು ಗುದ್ದಿದೆ. "ನಮಗೆ ಯಾವಾಗ ಬರ್ತೈತೆ, ಅಷ್ಟು ಹೇಳ್ರಿ."

ಸಾಹೇಬರು ಕಂಪ್ಯೂಟರಿನಲ್ಲಿ ಬಿಳಿ ಸುಳಿ ತೋರಿಸಿದರು. "ಇನ್ನೂ ಚಂಡಮಾರುತ ಆಗಿಲ್ರಿ. ಖಚಿತವಾಗಿ ಏನೂ ಹೇಳೋಕಾಗಲ್ಲ."

ನಾನು ಬಾಗಿಲು ದಾಟುವಷ್ಟರಲ್ಲಿ ಅವರು ಮನೆಗೆ ಫೋನ್ ಹಚ್ಚಿದ್ದರು: "ಮಾಳಿಗೆ ಮೇಲಿನ ಹಪ್ಪಳ ತೆಗೆದುಬಿಡೇ."

ಆ ದಿನದ ಅಧಿಕೃತ ಮುನ್ಸೂಚನೆ ಅದೊಂದೇ.

೩

ಮಳೆ ಬರುವುದು ಮೂಡಣದಿಂದ. ಆಂಧ್ರದ ಗಡಿಯಾಚೆ ಅಕ್ಕನ ಊರಿಗೆ ಮೊದಲು, ನಮಗೆ ಆಮೇಲೆ. ಆದರೆ ಭಾವನಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಅವನ ಮಗಳ ಮದುವೆಯಲ್ಲಿ ನಾನು ರೈತರ ಬಗ್ಗೆ ಭಾಷಣ ಮಾಡುತ್ತಿದ್ದಾಗ ಮೈಕ್ ಆರಿಸಿಬಿಟ್ಟಿದ್ದ.

"ಮಾನ ಆಮೇಲೆ ನೋಡ್ಕೊಳ್ಳೋಣ, ಫೋನ್ ಮಾಡ್ರಿ" ಅಂದಳು ಹೆಂಡತಿ. ಮಾಡಿದೆ.

"ಎವರು?" ಅಂದ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ, ತೆಲುಗಿನಲ್ಲಿ.

"ನಾನ್ರಿ ಭಾವ. ಅಲ್ಲಿ ಮಳೆ ಐತಾ?"

"ಎರಡು ವರ್ಷ ಆದ್ಮೇಲೆ ಮಳೆ ಕೇಳ್ತೀಯಾ? ನನ್ನ ಮಂಡಿನೋವು ಕೇಳು."

ಕೇಳಿದೆ.

"ನಿಮ್ಮಕ್ಕನ ಬಿಪಿ?"

ಅದನ್ನೂ ಕೇಳಿದೆ.

"ಎಮ್ಮೆ ಈದೈತೆ, ಗೊತ್ತಾ?"

"ಗಂಡೋ ಹೆಣ್ಣೋ, ಭಾವ?" ಅನ್ನುವಾಗ ಫೋನಿನಲ್ಲಿ ಗುಡುಗು ಕೇಳಿಸಿತು.

"ಅದೇನ್ರಿ ಶಬ್ದ?"

"ಮಳೆ. ಆಗಲೇ ಅರ್ಧ ಗಂಟೆ ಆಯ್ತು ಹೊಡೀತಾ. ನೀನು ಎಮ್ಮೆ ಕೇಳ್ತಾ ಕೂತಿದ್ದೀಯಲ್ಲ, ಶೇಂಗಾ ಒಟ್ಟಲೇ."

ಓಣಿಗೆಲ್ಲ ಕೂಗಿದೆ. ಎಲ್ಲರೂ ಹೊಲಕ್ಕೆ ಓಡಿದರು. ತಾಡಪಾಲಿಗೆ ಕೊನೆಯ ಹಗ್ಗ ಬಿಗಿಯುವಾಗ ಮೊದಲ ಹನಿ ಬಿತ್ತು. ಒಂದು ಕಾಯಿಯೂ ನೆನೆಯಲಿಲ್ಲ. ಒದ್ದೆಯಾಗಿಯೇ ನಿಂತು, ಮಳೆ ಅತ್ತ ಹೊರಟಿದೆ ಎಂದು ಚಳ್ಳಕೆರೆ ಕಡೆಯ ಷಡ್ಡಕನಿಗೆ ಫೋನ್ ಮಾಡಿದೆ. ಅವನ ಜೊತೆಗೂ ಮಾತು ಬಿಟ್ಟಿದ್ದೆ.

ಮೂಡಣಕ್ಕೆ ನೆಂಟರಿರುವವರೇ, ಇವತ್ತೇ ಮಾತಾಡಿಸಿ. ಪಡುವಣದವರಿಗೆ ನೀವೇ ತಿಳಿಸಿ. ನಮ್ಮ ಹೋಬಳಿಗೆ ಎಷ್ಟು ಹೊತ್ತಿಗೆ ಮಳೆ ಎಂದು ಹೇಳುವವರೆಗೂ ಕಚೇರಿಯ ಬಾಗಿಲು ಬಿಡಬೇಡಿ.