ಎಲ್ಲರಿಗೂ ತಾಸಿಗೆ ಹನ್ನೆರಡು

ಸೋಮನಾಥ ಸಾಹೇಬರು ಕುರ್ಚಿಯಲ್ಲಿ ಕೂತಲ್ಲೇ ಬ್ರೇಕು ಹಾಕುತ್ತಾರೆ. ಕಿಟಕಿಯಾಚೆ ಯಾವ ಗಾಡಿ ಹೋದರೂ ಮೇಜಿನ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತುತ್ತದೆ. ಗಾಡಿ ದಾಟಿಹೋದ ಮೇಲೆ ಕಾಲು ಮೆಲ್ಲಗೆ ಮೇಲೇಳುತ್ತದೆ. ಕಚೇರಿ ಇರುವುದು ಮಹಾರಾಷ್ಟ್ರದ ಗಡಿಯೂರು ಜತ್ತದ ಬಸ್‌ಸ್ಟ್ಯಾಂಡಿನ ಹತ್ತಿರ. ಆದ್ದರಿಂದ ಅವರ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಈ ಎರಡು ಅರ್ಹತೆಗಳನ್ನು ಪರಿಗಣಿಸಿ ಅವರನ್ನು 'ಸುರಕ್ಷಿತ ಹಾಗೂ ಸಮುಚಿತ ವೇಗ ಸಮಿತಿ'ಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು.

ಸಮಿತಿಯ ಮುಂದೆ ಬಂದ ಮೊದಲ ಪ್ರಕರಣ ಕರಜಗಿಯ ಮಲ್ಲುವಿನದು. ಗುಡ್ಡಾಪುರದ ಕಡೆ ಹೋಗುವ ರಸ್ತೆಯಲ್ಲಿ ಅವನ ಮೋಟಾರುಸೈಕಲ್ಲು ಸೋಮನಿಂಗಪ್ಪನ ಎತ್ತಿನ ಗಾಡಿಗೆ ಹಿಂದಿನಿಂದ ಹೊಡೆದು, ಮಲ್ಲು ಹಾರಿ ಗಾಡಿಯೊಳಗಿನ ದಾಳಿಂಬೆಯ ರಾಶಿಯ ಮೇಲೆ ಬಿದ್ದಿದ್ದ. ದಾಳಿಂಬೆಗಳ ಹೊರತು ಯಾರಿಗೂ ಪೆಟ್ಟಾಗಿರಲಿಲ್ಲ.

"ಎಷ್ಟ್ ಸ್ಪೀಡಿನ್ಯಾಗ ಇದ್ದೆಪಾ?" ಎಂದು ಸಾಹೇಬರು ಕೇಳಿದರು.

"ಚಲೋ ಸ್ಪೀಡಿನ್ಯಾಗ ಇದ್ದೆನ್ರಿ."

"ಎತ್ತಿನ ಗಾಡಿ?"

"ಭಾಳ ಸಾವಕಾಶ ಇತ್ರಿ. ಎಷ್ಟ್ ಸಾವಕಾಶ ಅಂದ್ರ, ನಾ ಹೋಗಿ ಮುಟ್ಟೂತನಕ ಅದು ಅಲ್ಲೇ ಇತ್ತು."

ಸಾಹೇಬರು ಈ ಮಾತನ್ನು ಬಹಳ ಹೊತ್ತು ಆಲೋಚಿಸಿ ವರದಿ ಬರೆಸಿದರು. ಅಪಘಾತಕ್ಕೆ ಕಾರಣ ವೇಗವಲ್ಲ, ವೇಗದಲ್ಲಿನ ವ್ಯತ್ಯಾಸ. ಮಲ್ಲು ಎತ್ತಿನಷ್ಟು ನಿಧಾನವಾಗಿ ಹೋಗಿದ್ದರೆ ಅಥವಾ ಎತ್ತುಗಳು ಮಲ್ಲುವಿನಷ್ಟು ಜೋರಾಗಿ ಓಡಿದ್ದರೆ ಡಿಕ್ಕಿಯ ಪ್ರಶ್ನೆಯೇ ಬರುತ್ತಿರಲಿಲ್ಲ. ಆದಕಾರಣ ಈ ರಸ್ತೆಯಲ್ಲಿ ಚಲಿಸುವ ಸಕಲ ವಸ್ತುಗಳಿಗೂ ಒಂದೇ ವೇಗವಿರತಕ್ಕದ್ದು. ಇದರಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಕೆಲವರು ಪ್ರಯತ್ನಪಟ್ಟು ತಲೆನೋವು ಬಂದು ಬಿಟ್ಟರು.

ಆ ಒಂದು ವೇಗ ಯಾವುದೆಂದು ಗೊತ್ತುಮಾಡಲು ಸಮೀಕ್ಷೆ ನಡೆಯಿತು. ಸಮಿತಿಯವರು ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು, ಬಸ್ಸು, ಟ್ರ್ಯಾಕ್ಟರು, ಜನರನ್ನು ತುಂಬಿಕೊಂಡು ಓಡಾಡುವ ರಸೂಲನ ವಡಾಪ ಜೀಪು, ಎಲ್ಲದರ ವೇಗ ಅಳೆದರು. ಮಧ್ಯಾಹ್ನ ಕುರಿಗಾಹಿ ಬೀರು ತನ್ನ ಹಿಂಡು ಹೊಡೆದುಕೊಂಡು ಬಂದ. ಹಿಂಡನ್ನು ಒಂದು ವಾಹನವೆಂದು ಎಣಿಸಬೇಕೋ, ಕುರಿಗಳನ್ನು ಬಿಡಿಬಿಡಿಯಾಗಿ ಎಣಿಸಬೇಕೋ ಎಂಬ ಗಂಭೀರ ಪ್ರಶ್ನೆ ಎದ್ದಿತು. ಪ್ರತಿ ಕುರಿಗೂ ಸ್ವಂತ ಕಾಲುಗಳಿರುವುದು ಕಂಡುಬಂದದ್ದರಿಂದ ಬಿಡಿಯಾಗಿ ಎಣಿಸಲಾಯಿತು. ಸರಾಸರಿ ಪಾತಾಳಕ್ಕೆ ಇಳಿಯಿತು. ಸಂಜೆ ಒಬ್ಬ ಪುಢಾರಿಯ ಕಾರುಗಳ ಸಾಲು ಧೂಳೆಬ್ಬಿಸಿಕೊಂಡು ಹೋಗಿ ಅದನ್ನು ಸ್ವಲ್ಪ ಮೇಲೆತ್ತಿತು. ಕೊನೆಗೆ ಹನ್ನೆರಡು ಬಂತು.

ಮರುದಿನ ಪಂಚಾಯತಿಯ ಮಾಳಿಗೆಯ ಮೇಲಿನ ಧ್ವನಿವರ್ಧಕದ ಭೋಂಗಾದಲ್ಲಿ, ಮೊದಲು ಮರಾಠಿಯಲ್ಲಿ ಆಮೇಲೆ ಕನ್ನಡದಲ್ಲಿ, ಪ್ರಕಟಣೆ ಕೇಳಿಬಂತು:

"ಈ ಮೂಲಕ ಸಮಸ್ತರಿಗೂ ತಿಳಿಸುವುದೇನೆಂದರೆ, ಬಸ್ಸು, ಜೀಪು, ಮೋಟಾರುಸೈಕಲ್ಲು, ಎತ್ತು, ಕುರಿ ಮತ್ತು ಮನುಷ್ಯರು ಡಾಂಬರು ರಸ್ತೆಯ ಮೇಲೆ ತಾಸಿಗೆ ಹನ್ನೆರಡು ಕಿಲೋಮೀಟರು ವೇಗದಲ್ಲಿ ಚಲಿಸತಕ್ಕದ್ದು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಮೂರು ಸಲ ತಪ್ಪಿದವರಿಗೆ ರಸ್ತೆಯ ಮೇಲೆ ಕಾಲಿಡುವ ಹಕ್ಕು ಇರುವುದಿಲ್ಲ."

ಎರಡು ಭಾಷೆಗಳಲ್ಲೂ ಅರ್ಥ ಸ್ಪಷ್ಟವಾಗಿದ್ದುದರಿಂದ ಯಾರೂ ನಂಬಲಿಲ್ಲ.

ಮೊದಲು ಸಿಕ್ಕಿಬಿದ್ದವಳು ಕಾಳವ್ವ. ಇವಳು ಮಲ್ಲುವಿನ ಅಜ್ಜಿ. ಮೊಮ್ಮಗಳು ಸೃಷ್ಟಿ ಕೂಸಾಗಿದ್ದಾಗ ಜ್ವರ ಬಂದು ಕಣ್ಣು ತೇಲಿಸಿದ್ದಳಂತೆ. ಆಗ ಕಾಳವ್ವ, ಹುಡುಗಿ ಉಳಿದರೆ ಕೈಲಾದಷ್ಟು ದಿನ ಪ್ರತಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ನಡೆದೇ ಬರುತ್ತೇನೆ, ಗಾಡಿ ಹತ್ತುವುದಿಲ್ಲ ಎಂದು ಬೇಡಿಕೊಂಡಿದ್ದಳು. ಸೃಷ್ಟಿ ಈಗ ಕಾಲೇಜಿಗೆ ಹೋಗುತ್ತಾಳೆ. ಕಾಳವ್ವ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿಲ್ಲ. ಹಿಂದಿನ ದಿನವೇ ಬುತ್ತಿ ಕಟ್ಟಿಕೊಂಡು, ದಾರಿಯಲ್ಲಿ ಸಿಕ್ಕವರ ಮನೆತನದ ಸುದ್ದಿಯನ್ನೆಲ್ಲ ವಿಚಾರಿಸುತ್ತಾ ಹೋಗುವುದು ಅವಳ ಪದ್ಧತಿ.

ಅವಳನ್ನು ತಡೆಯಬೇಕಾದವರು ವೇಗ ನಿರೀಕ್ಷಕಿ ಸುನಿತಾ. ಆದರೆ ನಿರೀಕ್ಷಕರೂ ರಸ್ತೆಯ ಮೇಲೇ ಇರುವವರಾದ್ದರಿಂದ ಅವರಿಗೂ ಹನ್ನೆರಡೇ ವೇಗ. ಹೀಗಾಗಿ ಸುನಿತಾ ಓಡುತ್ತಾ ಬಂದು ಒಂದು ಮಾತು ಹೇಳಿ ಮುಂದೆ ಹೋಗುವುದು, ತಿರುಗಿ ಓಡುತ್ತಾ ಬಂದು ಇನ್ನೊಂದು ಮಾತು ಹೇಳುವುದು, ಹೀಗೆ ವಿಚಾರಣೆ ನಡೆಯಿತು.

"ಆಯಿ, ನಿಮ್ಮ ಸ್ಪೀಡ್ ಬರೇ ಮೂರ್ ಐತ್ರಿ," ಎನ್ನುತ್ತಾ ಸುನಿತಾ ದಾಟಿಹೋದರು.

"ಜಾಸ್ತಿ ಆತೇನ್ರಿ ಬಾಯಾರ?" ಎಂದು ಕಾಳವ್ವ ಅವರ ಬೆನ್ನಿಗೆ ಕೇಳಿದಳು.

"ಕಡಿಮಿ ಆತ್ರಿ," ಎಂದರು ಸುನಿತಾ, ಎದುರಿನಿಂದ ಬರುತ್ತಾ.

"ನಮ್ಮ ಮಲ್ಲೂಗ ಸಾವಕಾಶ ಹೋಗೋ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೈತಿ. ಈಗ ನನಗs ಓಡು ಅಂತೀರಿ. ಯಾರ ಮನ್ಯಾಗ ಏನ್ ಕಡಿಮಿ ಆಗೈತಿ ಅಂತ ಓಡ್ಲಿ?"

ಸುನಿತಾ ಆಗಲೇ ದೂರ ಹೋಗಿದ್ದರು. ಮತ್ತೆ ಬಂದಾಗ, "ಮೊದಲನೇ ತಪ್ಪು ಬರಕೊಂಡೇನ್ರಿ," ಎಂದರು. ಆಮೇಲೆ ಉಸಿರು ಸುಧಾರಿಸಿಕೊಳ್ಳಲು ರಸ್ತೆ ಬಿಟ್ಟು ಹೊಲಕ್ಕೆ ಇಳಿದರು.

ಮುಂದಿನ ಅಮಾವಾಸ್ಯೆಗೆ ಎರಡನೆಯ ತಪ್ಪೂ ದಾಖಲಾಯಿತು. ಇನ್ನೊಂದು ತಪ್ಪಾದರೆ ಹರಕೆ ಮುರಿಯುತ್ತದೆ. ಕಾಳವ್ವ ಜತ್ತಕ್ಕೆ ಬಂದು ಸಾಹೇಬರ ಮುಂದೆ ನಿಂತಳು. ಮಲ್ಲು ಜೊತೆಗಿದ್ದ.

"ಬರ್ರಿ, ಕುಂದ್ರಿ. ಜೀಪಿನ್ಯಾಗ ಹೋಗ್ರೆಲ್ಲ ಆಯಿ," ಎಂದರು ಸಾಹೇಬರು. "ರಸೂಲನ ಗಾಡಿ ಕಾಯ್ದೆ ಪ್ರಕಾರ ಹನ್ನೆರಡರಾಗs ಹೊಕ್ಕೈತಿ."

"ನಡಕೊಂಡ ಬರ್ತೇನಿ ಅಂದೇನ್ರಿ ದಾನಮ್ಮಗ."

"ಹಂಗಾರ ಓಡ್ರಿ."

"ಓಡಿ ಬರ್ತೇನಿ ಅಂದಿಲ್ರಿ. ನಾಳೆ ಆಕಿ, ನೀ ಹೇಳಿದ್ದೊಂದು ಮಾಡಿದ್ದೊಂದು ಅಂದ್ರ, ನೀವ್ ಬರ್ತೀರೇನ್ ಉತ್ತರಾ ಕೊಡಾಕ?"

ಇದು ನ್ಯಾಯವಾದ ಆಕ್ಷೇಪಣೆಯೆಂದು ಸಾಹೇಬರು ಒಪ್ಪಿಕೊಂಡರು. ಅವರು ನಾಸ್ತಿಕರಲ್ಲ. ಸಮಿತಿಯ ತುರ್ತು ಸಭೆ ಕರೆದು, ಚಹಾ ಮತ್ತು ಭಜಿ ತರಿಸಿ, ಒಂದು ತಿದ್ದುಪಡಿ ಹೊರಡಿಸಿದರು: ತಾಸಿಗೆ ಹನ್ನೆರಡು ಕಿಲೋಮೀಟರು ವೇಗದಲ್ಲಿ ಕಾಲುಗಳನ್ನು ಚಲಾಯಿಸುವುದನ್ನು ಇನ್ನು ಮುಂದೆ ಎಲ್ಲ ಉದ್ದೇಶಗಳಿಗೂ 'ನಡಿಗೆ' ಎಂದೇ ಭಾವಿಸತಕ್ಕದ್ದು. ಆದೇಶದ ಕೆಳಗೆ 'ಪ್ರತಿ: ಶ್ರೀ ದಾನಮ್ಮದೇವಿ, ಗುಡ್ಡಾಪುರ, ಮಾಹಿತಿಗಾಗಿ' ಎಂದು ನಮೂದಿಸಿ ಅಂಚೆಗೆ ಹಾಕಲಾಯಿತು. ಗೊತ್ತುಪಡಿಸಿದ ಅವಧಿಯಲ್ಲಿ ದೇವಿಯಿಂದ ಯಾವ ತಕರಾರೂ ಬರಲಿಲ್ಲ. ಸಮ್ಮತಿಯಿದೆಯೆಂದು ದಾಖಲೆ ಮಾಡಿಕೊಳ್ಳಲಾಯಿತು.

"ಈಗ ಏನಂತೀರಿ?" ಎಂದು ಸಾಹೇಬರು ಕಾಳವ್ವನನ್ನು ಮತ್ತೆ ಕರೆಸಿ ಕೇಳಿದರು.

"ಆಕೀನs ಸುಮ್ಮಕುಂತಾಳಂದ್ರ ನಂದೇನೈತ್ರಿ," ಎಂದಳು ಕಾಳವ್ವ. "ಆದ್ರ ಈ ಮೊಣಕಾಲಿಗೂ ಒಂದು ಕಾಗದಾ ಹಾಕಿದ್ರ ಚಲೋ ಆಗ್ತಿತ್ತು."

ಮೊಣಕಾಲಿನ ವ್ಯವಸ್ಥೆಯನ್ನೂ ಸಮಿತಿ ಮರೆತಿರಲಿಲ್ಲ. ಸಾಹೇಬರ ಹೆಂಡತಿಯ ತಮ್ಮ ಅನಿಲ, ಅಷ್ಟರಲ್ಲಿ, ಕಾಕತಾಳೀಯವಾಗಿ, 'ಪಾದಚಾರಿ ಡ್ರೈವಿಂಗ್ ಸ್ಕೂಲ್' ತೆರೆದಿದ್ದ. ಅಲ್ಲಿ ಕಲಿಯದವರಿಗೆ ನಡೆಯುವ ಲೈಸೆನ್ಸು ಇಲ್ಲವೆಂದು ನಿಯಮವಾಯಿತು. ಕ್ಯಾನ್ವಾಸ್ ಬೂಟು ಅನಿಲನ ಅಂಗಡಿಯದೇ ಆಗಿರಬೇಕೆಂಬುದು ಸುರಕ್ಷತೆಯ ದೃಷ್ಟಿಯಿಂದ. ಎಡಕ್ಕೆ ತಿರುಗುವಾಗ ಎಡಗೈ ಚಾಚುವುದು, ಮುಂದಿನವರಿಗೆ ಸೂಚನೆ ಕೊಡಲು ಕೆಮ್ಮುವುದು, ಬೆನ್ನಿಗೆ ನಂಬರು ಕಟ್ಟಿಕೊಳ್ಳುವುದು ಪಾಠಗಳಾಗಿದ್ದವು. ಕುರಿಗಳಿಗೂ ಲೈಸೆನ್ಸು ಬೇಕೆಂದಾಗ ಬೀರು, ಹಿಂಡಿಗೆಲ್ಲ ಸೇರಿ ಒಂದು ಕೊಡ್ರೆಲ್ಲ ಎಂದು ಕೈಮುಗಿದ. ಪ್ರತಿ ಕುರಿಗೂ ಸ್ವಂತ ಕಾಲುಗಳಿರುವ ವಿಷಯ ಈಗಾಗಲೇ ಇತ್ಯರ್ಥವಾಗಿದೆಯೆಂದು ಅನಿಲ ವಿನಯದಿಂದ ನೆನಪಿಸಿದ.

ಕಾಳವ್ವ ಪಾಠದಲ್ಲಿ ಹುಷಾರಾಗಿದ್ದಳು. ಕೆಮ್ಮುವ ಬದಲು, "ಯಾರವಾ ಅಕಿ ಅಡ್ಡ ನಿಂತಾಕಿ, ಸರಿ ಅತ್ತಾಗ," ಎನ್ನುತ್ತಿದ್ದುದಕ್ಕೆ ಮಾತ್ರ ಅಂಕ ಕಡಿಮೆಯಾದವು. ಮೋಟಾರುಸೈಕಲ್ಲು ಬಿಡದೆ ಪರೀಕ್ಷೆಗೆ ಬಂದ ಮಲ್ಲು ಎರಡು ಸಲ ನಪಾಸಾದ. ಅದು ಆ ವೇಗದಲ್ಲಿ ಓಲಾಡುತ್ತಿತ್ತು. ಕೊನೆಗೆ ಅವನು ಅದನ್ನು ತಳ್ಳಿಕೊಂಡು ಓಡುವುದೇ ಸುಲಭವೆಂದು ಕಂಡುಕೊಂಡ.

ಕೆಲವೇ ದಿನಗಳಲ್ಲಿ ಎಲ್ಲರಿಗೂ ರೂಢಿಯಾಯಿತು. ರಸೂಲನ ಜೀಪಿನಲ್ಲಿ ಸೆಕೆಯೆಂದು ಪ್ರಯಾಣಿಕರು ಇಳಿದು ಪಕ್ಕದಲ್ಲೇ ಓಡತೊಡಗಿದರು. ಊರು ಮುಟ್ಟುವ ಹೊತ್ತು ಒಂದೇ ಆದ್ದರಿಂದ ರಸೂಲ ಪೂರ್ತಿ ಬಾಡಿಗೆಯನ್ನೇ ತೆಗೆದುಕೊಂಡ, ಅವರೂ ಕೊಟ್ಟರು. ಅವನ ಹೆಂಡತಿ ಜಾಹೇದಾ ರಸ್ತೆಯಂಚಿನ ತನ್ನ ಅಂಗಡಿಯಿಂದ ಓಡುವವರ ಕೈಗೆ ಚಹಾ ಕೊಡುತ್ತಿದ್ದಳು. ಕುಡಿದ ಕಪ್ಪು-ಬಶಿಗಳನ್ನು ಮುಂದಿನ ತಿರುವಿನಲ್ಲಿ ಅವಳ ತಂಗಿ ನಾಹಿದ ಹಿಡಿಯುತ್ತಿದ್ದಳು. ಯಾರೂ ಯಾರನ್ನೂ ಹಿಂದೆ ಹಾಕಲಿಲ್ಲ. ಒಂದು ಅಪಘಾತವೂ ಆಗಲಿಲ್ಲ. ಬೇರೆ ತಾಲೂಕಿನವರು ಬಂದು ನೋಡಿ, ನಿಮ್ಮಲ್ಲಿ ಶಿಸ್ತು ಭಾಳ ಐತ್ರಿ ಎಂದು ಹೊಗಳಿ, ವಾಪಸು ಓಡಿಹೋದರು.

ಮೂರನೆಯ ಅಮಾವಾಸ್ಯೆಯ ಹಿಂದಿನ ದಿನ ಬಂತು. ಎರಡು ತಪ್ಪು ಮಾಡಿಯೂ ಸುಧಾರಿಸಿದ ಮಾದರಿ ಪಾದಚಾರಿಯೆಂದು ಕಾಳವ್ವನನ್ನು ಗೌರವಿಸಲು ಸಮಿತಿ ನಿರ್ಧರಿಸಿತ್ತು. ಕರಜಗಿಯ ಅಗಸಿಬಾಗಿಲಲ್ಲಿ ಅವಳಿಗೆ ಹಾರ ಹಾಕಿದರು. ಸಾಹೇಬರು ರಸೂಲನ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಜೀಪಿನ ಈ ಬದಿ ಕಾಳವ್ವ, ಆ ಬದಿ ಅನಿಲ, ಹಿಂದೆ ಸುನಿತಾ, ಮೋಟಾರುಸೈಕಲ್ಲು ತಳ್ಳುತ್ತಾ ಮಲ್ಲು, ಬುತ್ತಿ ಹಿಡಿದುಕೊಂಡು ಸೃಷ್ಟಿ, ಸೋಮನಿಂಗಪ್ಪನ ಎತ್ತುಗಳು, ಬೆನ್ನಿಗೆ ನಂಬರು ಕಟ್ಟಿಕೊಂಡ ಬೀರುವಿನ ಕುರಿಗಳು, ಎಲ್ಲರೂ ಹನ್ನೆರಡರಲ್ಲಿ ಹೊರಟರು. ದೂರದಿಂದ ನೋಡಿದರೆ ಯಾರೂ ಚಲಿಸುತ್ತಿಲ್ಲ, ರಸ್ತೆಯೇ ಹಿಂದಕ್ಕೆ ಹೋಗುತ್ತಿದೆ ಎನಿಸುತ್ತಿತ್ತು.

ಊರ ಹೊರಗಿನ ಹಳ್ಳ ದಾಟಿ ಏರು ಬಂತು. ಕಾಳವ್ವನ ಹಾರದ ಹೂವುಗಳು ಒಂದೊಂದಾಗಿ ಉದುರುತ್ತಿದ್ದವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಜೀಪಿನ ಕಿಟಕಿಗೆ ಕೈ ಹಚ್ಚಿದಳು.

"ಸಾಹೇಬ್ರ, ಒಂಚೂರ್ ಕುಂದರ್ಲೇನ್ರಿ?"

ಕೂತವರ ವೇಗ ಸೊನ್ನೆ. ಸೊನ್ನೆಯ ಬಗ್ಗೆ ಸಮಿತಿ ಇನ್ನೂ ಸಭೆ ಸೇರಿರಲಿಲ್ಲ. ಸಾಹೇಬರು ಕಿಟಕಿಯಿಂದ ಅನಿಲನ ಕಡೆ ನೋಡಿದರು. ಅನಿಲ ಸುನಿತಾರ ಕಡೆ ನೋಡಿದ. ಸುನಿತಾ ತಮ್ಮ ಕೈಯಲ್ಲಿನ ವೇಗ ಅಳೆಯುವ ಯಂತ್ರ ನೋಡಿಕೊಂಡು, ಸರಿಯಾಗಿ ಹನ್ನೆರಡಿದೆಯೆಂದು ತಲೆಯಾಡಿಸಿದರು. ಮಾತಾಡಿದರೆ ಉಸಿರು ಹೋಗಿ ಹನ್ನೊಂದಕ್ಕೆ ಇಳಿಯುವ ಭಯದಿಂದ ಉಳಿದವರು ಮುಂದಿನವರ ಬೆನ್ನಿನ ನಂಬರು ನೋಡುತ್ತಾ ಓಡಿದರು. ರಸೂಲ ನೇರವಾಗಿ ರಸ್ತೆ ನೋಡುತ್ತಾ ಸ್ಟೇರಿಂಗು ಹಿಡಿದಿದ್ದ. ಕುರಿಗಳ ಗೊರಸಿನ ಸಪ್ಪಳ ಒಂದೇ ಸಮ ಕೇಳುತ್ತಿತ್ತು.

"ನಿಮಗs ಕೇಳಾಕತ್ತೇನ್ರಿ ಸಾಹೇಬ್ರ. ಆ ಗಿಡದ ನೆರಳಿಗಿ ಒಂಚೂರ್ ಕುಂದರ್ಲೇನು?"