ಎಲ್ಡನ್‌ನ ಮೋಟು ದಾರ

ಎಲ್ಡನ್ ಫ್ರೀಸನ್ ಗಾಳದ ಕೋಲಿಗೆ ಹೊಸ ದಾರ ಕೊಂಡದ್ದೇ ತಪ್ಪಾಯಿತು. ಸ್ಕೀನಾ ನದಿಯ ದಂಡೆಯಲ್ಲಿ ಹಳೆಯ ದಾರದ ವಿಷಯಕ್ಕೆ ಯಾರೂ ತಲೆ ಹಾಕುವುದಿಲ್ಲ. ಹೊಸದು ಕಂಡರೆ ಮಾತ್ರ ಎಲ್ಲರ ಕೈಯೂ ತುರಿಸತೊಡಗುತ್ತದೆ.

ಆ ದಂಡೆಗೆ ಒಂದು ಕಟ್ಟಳೆಯಿತ್ತು. ಆ ವರ್ಷ ಒಂದೂ ಸ್ಟೀಲ್‌ಹೆಡ್ ಮೀನು ಹಿಡಿಯದವನು ಬೆಂಕಿ ಹಾಕಿ, ಉಳಿದವರಿಗೆಲ್ಲ ಕಾಫಿ ಕಾಯಿಸಬೇಕು. ನಾಲ್ಕು ವರ್ಷದಿಂದ ಎಲ್ಡನ್ನೇ ಕಾಯಿಸುತ್ತಿದ್ದ. ಪಾಪ, ಅವನಿಗೆ ಕಾಫಿಯ ವಾಸನೆ ಬಂದರೇ ಅಳು ಬರುತ್ತಿತ್ತು. ಮೀನೆಲ್ಲ ಆಚೆ ದಡದ ಬಂಡೆಯ ಬುಡದಲ್ಲಿರುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಎರಡು ಕೈಯಲ್ಲಿ ಬೀಸುವ ಉದ್ದನೆಯ ಕೋಲಿನಿಂದ ಗಾಳ ಅಷ್ಟು ದೂರ ಹೋಗಬೇಕಾದರೆ ದಾರವೇ ಭಾರವಿರಬೇಕು. ಅದಕ್ಕೇ ಈ ದಪ್ಪ ದಾರ.

ಮೊದಲ ಬೀಸಿಗೇ ಅದು ಒದ್ದೆ ಕಂಬಳಿಯಂತೆ ಧೊಪ್ಪನೆ ನೀರಿಗೆ ಬಿತ್ತು.

"ಕೋಲಿಗೆ ಅಜೀರ್ಣ ಆಗಿದೆ ಕಣಯ್ಯ!" ಎಂದ ಕ್ಲೆಮ್. ಮರದ ಮಿಲ್ಲಿನಿಂದ ನಿವೃತ್ತನಾದವನು, ಜೇಬಲ್ಲಿ ಸದಾ ಚಾಕು. "ಭಾರ ಜಾಸ್ತಿ. ಹಿಂದಿನಿಂದ ಒಂದು ಮೊಳ ತೆಗೀಬೇಕು." ಎಲ್ಡನ್ ಬಾಯಿ ತೆರೆಯುವಷ್ಟರಲ್ಲಿ ತೆಗೆದೂ ಆಗಿತ್ತು.

ಹಿಂದೆ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಗುಡ್ರನ್ ದಂಡೆಯ ಆ ತುದಿಯಿಂದ ಓಡಿ ಬಂದಳು. "ಹಿಂದಿನಿಂದ ಕತ್ತರಿಸು ಅಂತ ಯಾವ ಬುದ್ಧಿವಂತ ಹೇಳಿದ್ದು?"

"ನಾನು," ಎಂದ ಕ್ಲೆಮ್.

"ಅದಕ್ಕೇ ಕೇಳಿದೆ. ಮುಂದಿನಿಂದ, ಗಾಳದ ಕಡೆಯಿಂದ ಕತ್ತರಿಸಬೇಕು. ಕೊಡೋ ಇಲ್ಲಿ."

"ಹೊಸದು ಗುಡ್ರನ್, ಸ್ವಲ್ಪ ನೋಡ್ಕೊಂಡು..." ಎಂದ ಎಲ್ಡನ್.

"ಸುಮ್ನೆ ಹಿಡ್ಕೋ!"

ಅವಳು ಮಾಡಿದ ತಪ್ಪನ್ನು ಕ್ಲೆಮ್ ತಿದ್ದಿದ, ಅವನದನ್ನು ಅವಳು ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ದಾರ ಕೋಲಿಗಿಂತ ಗಿಡ್ಡವಾಗಿತ್ತು.

ಉಳಿದವರಂತೆ ಸೊಂಟದಷ್ಟು ನೀರಿಗಿಳಿದು ಬೀಸಲು ಎಲ್ಡನ್‌ಗೆ ನಾಚಿಕೆಯಾಯಿತು. ದಂಡೆಯ ಮೇಲೇ ನಿಂತು ಗಾಳವನ್ನು ಮೊಣಕಾಲಷ್ಟು ನೀರಿಗೆ ಎಸೆದ.

"ಏನೋ, ಗಾಳಕ್ಕೆ ಸ್ನಾನ ಮಾಡಿಸ್ತಿದ್ದೀಯಾ?" ಎಂದು ಕ್ಲೆಮ್ ನಗುವಷ್ಟರಲ್ಲಿ ಕೋಲು ಬಿಲ್ಲಿನಂತೆ ಬಾಗಿತು. ಎಲ್ಲರೂ ದಿನವೂ ತುಳಿದುಕೊಂಡು ಹೋಗುತ್ತಿದ್ದ ಆ ಆಳವಿಲ್ಲದ ನೀರಿನಲ್ಲೇ ಮೀನು ಮಲಗಿತ್ತು. ಒದ್ದಾಡಿ, ಬಿದ್ದು, ಎದ್ದು ಎಲ್ಡನ್ ಅದನ್ನು ದಡಕ್ಕೆ ತಂದ. ತೋಳುದ್ದದ ಬೆಳ್ಳಿ ಮೀನು. ಮುದ್ದಿಟ್ಟು, ಅಲ್ಲಿನ ನಿಯಮದಂತೆ ಮತ್ತೆ ನೀರಿಗೆ ಬಿಟ್ಟ.

"ಇನ್ನು ಕಾಫಿ ನೀವೇ ಕಾಯಿಸ್ಕೊಳ್ಳಿ!" ಎಂದು ಕೂಗಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಕ್ಲೆಮ್ ಆ ಮೊಣಕಾಲಷ್ಟು ನೀರನ್ನು ನೋಡಿದ, ತನ್ನ ಉದ್ದ ದಾರವನ್ನು ನೋಡಿದ. "ನಂದೂ ಅಷ್ಟೇ ಮೋಟು ಮಾಡ್ಕೊಡು ಮಾರಾಯ."

"ಮೊದಲು ನಂದು," ಎಂದಳು ಗುಡ್ರನ್.

"ಚಾಕು ನಿಮ್ಮ ಹತ್ರಾನೇ ಇದೆಯಲ್ಲ!" ಎಂದ ಎಲ್ಡನ್.

"ಮೀನು ಬಂದಿದ್ದು ನಿನ್ನ ಕೈಗೆ ಕಣೋ. ನಿನ್ನ ಕೈಯಲ್ಲೇ ಆಗ್ಬೇಕು."

ಸುದ್ದಿ ನದಿಯ ಮೇಲ್ಭಾಗದ ದಂಡೆಗೂ ಹೋಯಿತು. ಟ್ರಕ್ಕುಗಳಲ್ಲಿ ಜನ ಬಂದರು. ಕತ್ತರಿಸಿದ ತುದಿಯನ್ನು ಬಿಸಿ ಮಾಡಿ ಗಾಳ ಕಟ್ಟುವ ಕುಣಿಕೆ ಅಂಟಿಸಬೇಕಾದ್ದರಿಂದ ಎಲ್ಡನ್ ಬೆಂಕಿಯ ಮುಂದೆಯೇ ಕೂರಬೇಕಾಯಿತು. ದಾರ ಮೋಟು ಮಾಡಿಸಿಕೊಂಡವರೆಲ್ಲ ಹೋಗಿ ದಂಡೆಯುದ್ದಕ್ಕೂ ಸಾಲಾಗಿ ನಿಂತರು. ಅವನಿಗೆ ಬೀಸಲು ಜಾಗವೇ ಉಳಿಯಲಿಲ್ಲ. ಆದರೂ ಎಲ್ಲರೂ 'ಮೇಷ್ಟ್ರೇ' ಎಂದು ಕರೆಯುವಾಗ ಮನಸ್ಸಿಗೆ ಹಿತವಾಗಿತ್ತು.

ಸಂಜೆ ಕ್ಲೆಮ್ ಕೆಟಲ್ ಹಿಡಿದು ಬಂದ, ಬಹಳ ವಿನಯದಿಂದ.

"ಮೇಷ್ಟ್ರೇ, ಹೇಗೂ ಬೆಂಕಿ ಹತ್ರಾನೇ ಕೂತಿದ್ದೀರಿ. ಇದನ್ನೂ ಒಂಚೂರು ನೋಡ್ಕೊಳ್ಳಿ. ಇವತ್ತು ಜನ ಜಾಸ್ತಿ."